ಉಸಿರಿನ ದಾರಿಯ ಮದ್ದು: ಖಿನ್ನತೆ ಮತ್ತು ಆತಂಕಗಳ ಚಿಕಿತ್ಸೆಯಲ್ಲಿ ಅನಿಲಗಳು

ಮನಸ್ಸಿನ ಸ್ಥಿತಿಯನ್ನು ಹೇಳುವಾಗ ಕನ್ನಡದಲ್ಲಿ ಉಸಿರಿನ ಮಾತು ತಾನಾಗಿಯೇ ಬರುತ್ತದೆ. ದುಃಖದಲ್ಲಿ ನಿಟ್ಟುಸಿರು ಬಿಡುತ್ತೇವೆ. ಭಯದಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಕಷ್ಟ ಕಳೆದ ಮೇಲೆ ನಿರಾಳವಾಗಿ ಉಸಿರಾಡುತ್ತೇವೆ. ಮನಸ್ಸು ಉಸಿರನ್ನು ಬದಲಿಸುತ್ತದೆ ಎಂಬುದು ಎಲ್ಲರ ಅನುಭವ. ಉಸಿರಿನೊಳಗೆ ಹೋಗುವ ಒಂದು ಅನಿಲವು ಮನಸ್ಸನ್ನು, ಅದರಲ್ಲಿಯೂ ಕಾಯಿಲೆ ಬಿದ್ದ ಮನಸ್ಸನ್ನು, ಬದಲಿಸಬಲ್ಲದೇ ಎಂಬುದು ಬೇರೆಯೇ ಪ್ರಶ್ನೆ. ಕಳೆದ ಎರಡು ದಶಕಗಳಲ್ಲಿ ಅರಿವಳಿಕೆ ತಜ್ಞರೂ ಮನೋವೈದ್ಯರೂ ಕೂಡಿ ಈ ಪ್ರಶ್ನೆಯನ್ನು ಗಂಭೀರವಾಗಿ ಪರಿಶೀಲಿಸುತ್ತಿದ್ದಾರೆ. ಆ ಪರಿಶೀಲನೆಯಿಂದ ಇದುವರೆಗೆ ಏನು ತಿಳಿದಿದೆ, ಯಾವುದು ಇನ್ನೂ ಭರವಸೆಯ ಹಂತದಲ್ಲಿದೆ, ಅಪಾಯ ಎಲ್ಲಿದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಹೊಸ ಚಿಕಿತ್ಸೆ ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 28 ಕೋಟಿ ಜನರು ಖಿನ್ನತೆಯಿಂದ ಬಳಲುತ್ತಿದ್ದರು. ಈಗ ಬಳಕೆಯಲ್ಲಿರುವ ಮಾತ್ರೆಗಳು ಬಹುಮಂದಿಗೆ ಉಪಕಾರ ಮಾಡುತ್ತವೆ, ಆದರೆ ಅವುಗಳಿಗೆ ಎರಡು ಮಿತಿಗಳಿವೆ. ಮೊದಲನೆಯದು ಕಾಲ: ಗುಳಿಗೆ ನುಂಗಲು ಆರಂಭಿಸಿದ ಮೇಲೆ ಪೂರ್ಣ ಪರಿಣಾಮ ಕಾಣಲು ಹಲವು ವಾರಗಳು ಬೇಕು. ಎರಡನೆಯದು ವ್ಯಾಪ್ತಿ: ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು ನಡೆದ, 2006ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಮೊದಲ ಔಷಧದಿಂದ ಸಂಪೂರ್ಣ ಚೇತರಿಸಿಕೊಂಡವರು ಸರಿಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಸಾವಿನ ಯೋಚನೆಯೊಡನೆ ಆಸ್ಪತ್ರೆಗೆ ಬಂದವರಿಗೆ ‘ಇನ್ನು ನಾಲ್ಕು ವಾರ ಕಾಯಿರಿ’ ಎನ್ನುವುದು ವೈದ್ಯನಾದವನಿಗೆ ಸುಲಭದ ಮಾತಲ್ಲ. ಗಂಟೆಗಳಲ್ಲಿ ಕೆಲಸ ಮಾಡುವ ಮದ್ದಿನ ಹುಡುಕಾಟ ಇಲ್ಲಿಂದಲೇ ಆರಂಭವಾಗುತ್ತದೆ.

ಬ್ರಿಸ್ಟಲ್ ನಗರದ ಅನಿಲಶಾಲೆ

ಅನಿಲವನ್ನು ಔಷಧವಾಗಿ ಬಳಸುವ ಯೋಚನೆ ಹೊಸದಲ್ಲ. ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು 1772ರಲ್ಲಿ ಮೊದಲು ತಯಾರಿಸಿದವರು ಜೋಸೆಫ್ ಪ್ರೀಸ್ಟ್ಲಿ. ಎರಡು ಸಾರಜನಕ ಮತ್ತು ಒಂದು ಆಮ್ಲಜನಕ ಪರಮಾಣುಗಳು ಸೇರಿದ, ಬಣ್ಣವಿಲ್ಲದ, ಸ್ವಲ್ಪ ಸಿಹಿ ವಾಸನೆಯ ಅನಿಲವಿದು. ವೈದ್ಯ ಥಾಮಸ್ ಬೆಡೋಸ್ ಅವರು 1799ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅನಿಲಗಳಿಂದ ರೋಗ ಗುಣಪಡಿಸುವ ಉದ್ದೇಶದ ಸಂಸ್ಥೆಯೊಂದನ್ನು ತೆರೆದರು. ಕ್ಷಯದಂಥ ಕಾಯಿಲೆಗಳಿಗೆ ಅಲ್ಲಿ ಪರಿಹಾರ ದೊರೆಯಬಹುದೆಂಬುದು ಅವರ ಆಸೆ. ಉಗಿಯಂತ್ರದಿಂದ ಹೆಸರಾದ ಜೇಮ್ಸ್ ವಾಟ್ ಅದಕ್ಕೆ ಉಪಕರಣಗಳನ್ನು ರೂಪಿಸಿಕೊಟ್ಟರು. ಪ್ರಯೋಗಗಳ ಹೊಣೆ ಇಪ್ಪತ್ತರ ಹರೆಯದ ಹಂಫ್ರಿ ಡೇವಿಯದಾಗಿತ್ತು.

ಡೇವಿ ನೈಟ್ರಸ್ ಆಕ್ಸೈಡನ್ನು ತಾವೇ ಸೇವಿಸಿ ನೋಡಿದರು. ರಾಬರ್ಟ್ ಸದಿ, ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್ ಮೊದಲಾದ ಕವಿಮಿತ್ರರಿಗೂ ಕೊಟ್ಟರು. ಸೇವಿಸಿದವರಿಗೆ ಮೈ ಹಗುರಾಗಿ, ಕಾರಣವಿಲ್ಲದೆ ನಗು ಬರುತ್ತಿತ್ತು. ‘ನಗೆ ಅನಿಲ’ ಎಂಬ ಹೆಸರು ಹೀಗೆ ಹುಟ್ಟಿತು. ಈ ಅನಿಲ ನೋವನ್ನು ಅಳಿಸುವಂತೆ ತೋರುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರಬಹುದು ಎಂದು ಡೇವಿ 1800ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಸೂಚಿಸಿದರು. ಆ ಸೂಚನೆಯನ್ನು ನಾಲ್ಕು ದಶಕಗಳ ಕಾಲ ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅನಿಲವು ಸಂತೆ, ಜಾತ್ರೆಗಳ ಮನರಂಜನೆಯ ವಸ್ತುವಾಯಿತು.

1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂಥದೊಂದು ಪ್ರದರ್ಶನ ನಡೆಯಿತು. ಅನಿಲ ಸೇವಿಸಿ ಕುಣಿಯುತ್ತಿದ್ದವನೊಬ್ಬ ಕಾಲಿಗೆ ಪೆಟ್ಟಾಗಿ ರಕ್ತ ಸುರಿದರೂ ನೋವಿಲ್ಲವೆಂದದ್ದನ್ನು ದಂತವೈದ್ಯ ಹೊರೇಸ್ ವೆಲ್ಸ್ ಗಮನಿಸಿದರು. ಮರುದಿನವೇ ಈ ಅನಿಲ ಸೇವಿಸಿ ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ವೈದ್ಯರ ಮುಂದೆ ಅವರು ನಡೆಸಿದ ಪ್ರಾತ್ಯಕ್ಷಿಕೆಯಲ್ಲಿ ರೋಗಿ ಕೂಗಿಕೊಂಡ, ವೆಲ್ಸ್ ನಗೆಪಾಟಲಾದರು. ಮುಂದೆ ಕ್ಲೋರೋಫಾರ್ಮ್ ಸೇವನೆಯ ಅಭ್ಯಾಸಕ್ಕೆ ಸಿಲುಕಿದ ಅವರು 1848ರಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ತಾವೇ ಪ್ರಾಣ ಕಳೆದುಕೊಂಡರು. ಅರಿವಳಿಕೆಯ ಚರಿತ್ರೆಯ ಮೊದಲ ಅಧ್ಯಾಯದಲ್ಲಿಯೇ ಅನಿಲದ ಎರಡು ಮುಖಗಳೂ ಹೀಗೆ ಒಟ್ಟಿಗೆ ಕಾಣಿಸುತ್ತವೆ. ನೋವು ನೀಗುವುದು ಒಂದು, ಚಟವಾಗಿ ಕಾಡುವುದು ಇನ್ನೊಂದು.

ಇಂದು ಬ್ರಿಟನ್ನಿನ ಹೆರಿಗೆ ಕೋಣೆಗಳಲ್ಲಿ ನಗೆ ಅನಿಲವು ದಿನನಿತ್ಯದ ವಸ್ತು. ಸಮಪಾಲು ಆಮ್ಲಜನಕ ಬೆರೆತ ಈ ಮಿಶ್ರಣವನ್ನು ಒಂದೇ ಸಿಲಿಂಡರಿನಲ್ಲಿ ತುಂಬಿ ಬಳಸುವ ಕ್ರಮವನ್ನು 1961ರಲ್ಲಿ ಮೈಕೆಲ್ ಟನ್‌ಸ್ಟಲ್ ಪರಿಚಯಿಸಿದರು. ‘ಎಂಟೊನಾಕ್ಸ್’ ಎಂಬ ಹೆಸರಿನಲ್ಲಿ ಇದು ಪ್ರಸಿದ್ಧವಾಗಿದೆ. ಇಲ್ಲಿ ಹೆರಿಗೆಯಾದ ಕನ್ನಡತಿಯರಲ್ಲಿ ಅನೇಕರು ಇದನ್ನು ಕೈಯಲ್ಲಿ ಹಿಡಿದವರೇ. ದಂತವೈದ್ಯರೂ ಹೆದರಿದ ಮಕ್ಕಳನ್ನು ಸಮಾಧಾನಗೊಳಿಸಲು ಇದನ್ನೇ ಬಳಸುತ್ತಾರೆ. ಆತಂಕವನ್ನು ತಾತ್ಕಾಲಿಕವಾಗಿ ಇಳಿಸುವ ಇದರ ಗುಣ ಬಹಳ ಹಿಂದಿನಿಂದ ತಿಳಿದದ್ದೇ. ಅನಿಲ ದೇಹವನ್ನು ಬಿಟ್ಟುಹೋದ ಬಳಿಕವೂ ಪರಿಣಾಮ ಉಳಿಯುವುದೇ ಎಂಬುದು ಈಗಿನ ಪ್ರಶ್ನೆ.

ಮಿದುಳಿನೊಳಗೆ ನಡೆಯುವುದೇನು?

ಖಿನ್ನತೆಯ ಮಾತ್ರೆಗಳಲ್ಲಿ ಹೆಚ್ಚಿನವು ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ನರವಾಹಕಗಳ ಮೂಲಕ ಕೆಲಸ ಮಾಡುತ್ತವೆ. ಆದರೆ ಮಿದುಳಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪ್ರಚೋದಕ ನರವಾಹಕ ಗ್ಲುಟಮೇಟ್. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಲ್ಲಿ ಒಂದಕ್ಕೆ ಎನ್‌ಎಂಡಿಎ ಗ್ರಾಹಕ ಎಂದು ಹೆಸರು. ಕಲಿಕೆ ಮತ್ತು ನೆನಪುಗಳು ರೂಪುಗೊಳ್ಳುವಾಗ ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುವುದಕ್ಕೆ ಈ ಗ್ರಾಹಕ ಅಗತ್ಯ.

ಕೆಟಮಿನ್ ಎಂಬ ಅರಿವಳಿಕೆ ಔಷಧವು ಈ ಗ್ರಾಹಕವನ್ನು ತಡೆಯುತ್ತದೆ. 2000ದಲ್ಲಿ ಅಮೆರಿಕದ ಸಂಶೋಧಕರು ಖಿನ್ನತೆಯಿದ್ದ ಬೆರಳೆಣಿಕೆಯ ರೋಗಿಗಳಿಗೆ ಕೆಟಮಿನ್ನನ್ನು ಅಲ್ಪ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಕೊಟ್ಟಾಗ, ದಿನಗಳೊಳಗೆ ಅವರ ಮನಸ್ಸು ಚೇತರಿಸಿಕೊಂಡಿತು. ಖಿನ್ನತೆ ವಾರಗಳ ಬದಲು ಗಂಟೆಗಳಲ್ಲಿ ಸಡಿಲಗೊಳ್ಳಬಹುದು ಎಂಬ ಅರಿವು ಮನೋವೈದ್ಯಶಾಸ್ತ್ರದಲ್ಲಿ ದೊಡ್ಡ ತಿರುವು. 2019ರಲ್ಲಿ ಕೆಟಮಿನ್ನಿನ ಒಂದು ರೂಪವಾದ ಎಸ್‌ಕೆಟಮಿನ್‌ಗೆ ಮೂಗಿನ ಸಿಂಪಡಿಕೆಯಾಗಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು.

ನೈಟ್ರಸ್ ಆಕ್ಸೈಡ್ ಮತ್ತು ಜೆನಾನ್ ಎಂಬ ಎರಡು ಅನಿಲಗಳೂ ಇದೇ ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತವೆ ಎಂಬುದು 1998ರಲ್ಲಿ ಎರಡು ಬೇರೆ ಬೇರೆ ಸಂಶೋಧನೆಗಳಿಂದ ಸ್ಪಷ್ಟವಾಗಿತ್ತು. ಹಾಗಿದ್ದರೆ ಕೆಟಮಿನ್ ಮಾಡುವ ಕೆಲಸವನ್ನು ಅನಿಲಗಳೂ ಮಾಡಬೇಕಲ್ಲವೇ? ತರ್ಕ ಇಷ್ಟು ಸರಳ. ಅನಿಲಗಳಿಗೆ ಒಂದು ಅನುಕೂಲವೂ ಇದೆ. ಅವು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಕ್ಷಣಗಳಲ್ಲಿ ತಲುಪುತ್ತವೆ. ಮುಖವಾಡ ತೆಗೆದ ಕೆಲವೇ ನಿಮಿಷಗಳಲ್ಲಿ ಬಹುಪಾಲು ಉಸಿರಿನೊಡನೆ ಹೊರಬೀಳುತ್ತವೆ. ಯಕೃತ್ತಾಗಲಿ ಮೂತ್ರಪಿಂಡವಾಗಲಿ ಅವುಗಳನ್ನು ವಿಲೇವಾರಿ ಮಾಡಬೇಕಾಗಿಲ್ಲ.

ಔಷಧ ಹೊರಹೋದ ಮೇಲೂ ಪರಿಣಾಮ ಹೇಗೆ ಉಳಿಯುತ್ತದೆ? ಗ್ರಾಹಕವನ್ನು ಸ್ವಲ್ಪ ಹೊತ್ತು ತಡೆದಾಗ ಗ್ಲುಟಮೇಟಿನ ಹರಿವು ಬದಲಾಗಿ, ನರಕೋಶಗಳನ್ನು ಪೋಷಿಸುವ ಪ್ರೋಟೀನುಗಳು ಬಿಡುಗಡೆಯಾಗಿ, ದೀರ್ಘಕಾಲದ ಒತ್ತಡದಿಂದ ಸೊರಗಿದ ನರಸಂಧಿಗಳು ಮತ್ತೆ ಚಿಗುರುತ್ತವೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳು ಬೆಂಬಲಿಸುವ ವಿವರಣೆ. ಹೊಲಕ್ಕೆ ನೀರು ಬಿಟ್ಟು ತೂಬು ಮುಚ್ಚಿದ ಮೇಲೂ ಮಣ್ಣಿನಲ್ಲಿ ತೇವ ಕೆಲವು ದಿನ ಉಳಿಯುವಂತೆ ಇದು. ಆ ತೇವ ಎಷ್ಟು ದಿನ ಉಳಿಯುತ್ತದೆ ಎಂಬುದು ಚಿಕಿತ್ಸೆಯ ಮುಖ್ಯ ಸಮಸ್ಯೆ.

ನಗೆ ಅನಿಲದ ಪರೀಕ್ಷೆ

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ತಜ್ಞ ಪೀಟರ್ ನಾಗೆಲೆ ಮತ್ತು ಸಂಗಡಿಗರು ನಡೆಸಿದ ಮೊದಲ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಹಲವು ಔಷಧಗಳಿಗೂ ಜಗ್ಗದ ಖಿನ್ನತೆಯಿದ್ದ 20 ಮಂದಿ ಅದರಲ್ಲಿ ಭಾಗವಹಿಸಿದ್ದರು. ಪ್ರತಿಯೊಬ್ಬರಿಗೂ ಒಂದು ದಿನ ಶೇ. 50 ನೈಟ್ರಸ್ ಆಕ್ಸೈಡ್ ಇರುವ ಮಿಶ್ರಣವನ್ನೂ ಇನ್ನೊಂದು ದಿನ ಸಾರಜನಕ ಮತ್ತು ಆಮ್ಲಜನಕಗಳ ಹುಸಿಮಿಶ್ರಣವನ್ನೂ ಒಂದೊಂದು ಗಂಟೆ ಕೊಡಲಾಯಿತು. ಎರಡು ಗಂಟೆಗಳ ನಂತರವೂ ಮರುದಿನವೂ ಖಿನ್ನತೆಯನ್ನು ಅಳೆದಾಗ, ನೈಟ್ರಸ್ ಆಕ್ಸೈಡ್ ಸೇವಿಸಿದ ಬಳಿಕ ಸರಾಸರಿ ಇಳಿಕೆ ಹೆಚ್ಚಾಗಿತ್ತು. ಲಕ್ಷಣಗಳು ಅರ್ಧಕ್ಕಿಂತ ಕಡಿಮೆಯಾದವರು ನೈಟ್ರಸ್ ಆಕ್ಸೈಡಿನ ನಂತರ ನಾಲ್ವರು, ಹುಸಿಮಿಶ್ರಣದ ನಂತರ ಒಬ್ಬರು. ಲಕ್ಷಣಗಳಿಂದ ಪೂರ್ತಿ ಬಿಡುಗಡೆ ಪಡೆದವರು ನೈಟ್ರಸ್ ಆಕ್ಸೈಡಿನ ನಂತರ ಮೂವರು, ಹುಸಿಮಿಶ್ರಣದ ನಂತರ ಯಾರೂ ಇಲ್ಲ.

ಅಂಕಿಗಳು ಸಣ್ಣವು. ಇಪ್ಪತ್ತರಲ್ಲಿ ನಾಲ್ವರೆಂದರೆ ಹದಿನಾರು ಮಂದಿಗೆ ಅಷ್ಟು ಉಪಕಾರವಾಗಲಿಲ್ಲ ಎಂದೂ ಅರ್ಥ. ಆದರೂ ಯಾವ ಔಷಧಕ್ಕೂ ಬಗ್ಗದವರಲ್ಲಿ, ಒಂದೇ ದಿನದಲ್ಲಿ, ಇಷ್ಟು ಕಂಡದ್ದು ಮುಂದಿನ ಹೆಜ್ಜೆಗೆ ಸಾಕಾಯಿತು.

ಅದೇ ಸಂಶೋಧಕರ ಎರಡನೆಯ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಈ ಬಾರಿ 24 ರೋಗಿಗಳು, ಶೇ. 50, ಶೇ. 25 ಮತ್ತು ಹುಸಿಮಿಶ್ರಣ ಹೀಗೆ ಮೂರು ಬಗೆ. ಅರ್ಧದಷ್ಟು ಸಾಂದ್ರತೆಯೂ ಹೆಚ್ಚು ಕಡಿಮೆ ಅಷ್ಟೇ ಫಲ ಕೊಟ್ಟಿತು. ಎರಡು ವಾರಗಳವರೆಗೂ ಸುಧಾರಣೆ ಕಂಡುಬಂದಿತು. ಓಕರಿಕೆ, ತಲೆಸುತ್ತು ಮುಂತಾದ ತೊಂದರೆಗಳು ಮಾತ್ರ ಶೇ. 25ರ ಮಿಶ್ರಣದಲ್ಲಿ ಬಹಳ ಕಡಿಮೆಯಾಗಿದ್ದವು. ಅಮಲು ಹೆಚ್ಚಾದಷ್ಟೂ ಫಲ ಹೆಚ್ಚು ಎಂಬ ಊಹೆಯನ್ನು ಈ ಫಲಿತಾಂಶ ಬೆಂಬಲಿಸುವುದಿಲ್ಲ. ಒಂದು ಗಂಟೆಯ ‘ಹಿತಾನುಭವ’ವೇ ಚಿಕಿತ್ಸೆಯಲ್ಲ, ಅದರಡಿ ಬೇರೇನೋ ನಡೆಯುತ್ತಿರಬಹುದು ಎಂಬ ಸೂಚನೆ ಇದರಲ್ಲಿದೆ. ಬೇರೆ ದೇಶಗಳಲ್ಲಿಯೂ ಇಂಥ ಸಣ್ಣ ಪ್ರಯೋಗಗಳು ನಡೆದಿವೆ. ಖಿನ್ನತೆಗೆ ಅಂಗೀಕೃತ ಚಿಕಿತ್ಸೆ ಎನ್ನಿಸಿಕೊಳ್ಳಲು ಬೇಕಾದ, ನೂರಾರು ರೋಗಿಗಳನ್ನು ತಿಂಗಳುಗಟ್ಟಲೆ ಗಮನಿಸುವ ಅಧ್ಯಯನಗಳ ಸಾಕ್ಷ್ಯ ಇವುಗಳ ಹಿಂದಿಲ್ಲ.

ಹುಸಿಮದ್ದಿನ ತೊಡಕು ಮತ್ತು ಒಂದು ಹಳೆಯ ಪಾಠ

ಔಷಧ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಮದ್ದು, ಯಾರಿಗೆ ಹುಸಿಮದ್ದು ಸಿಕ್ಕಿತೆಂಬುದು ರೋಗಿಗೂ ವೈದ್ಯನಿಗೂ ತಿಳಿಯಬಾರದು. ನಿರೀಕ್ಷೆಯೇ ಅರ್ಧ ಮದ್ದಾಗಿ ಕೆಲಸ ಮಾಡುತ್ತದೆ ಎಂಬುದು ಇದಕ್ಕೆ ಕಾರಣ. ಖಿನ್ನತೆ, ಆತಂಕಗಳಲ್ಲಂತೂ ಅದರ ಪಾಲು ದೊಡ್ಡದು. ಆದರೆ ನಗೆ ಅನಿಲ ಸೇವಿಸಿದವರಿಗೆ ತಾವು ಸೇವಿಸಿದ್ದೇನೆಂದು ಬೇಗನೆ ಗೊತ್ತಾಗುತ್ತದೆ. ಅನಿಲ ಚಿಕಿತ್ಸೆಯ ಎಲ್ಲ ಪ್ರಯೋಗಗಳಿಗೂ ಅಂಟಿಕೊಂಡ ದೌರ್ಬಲ್ಯವಿದು.

ಈ ದೌರ್ಬಲ್ಯವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. ಹಂಗೇರಿಯಿಂದ ಅಮೆರಿಕಕ್ಕೆ ವಲಸೆ ಬಂದ ಮನೋವೈದ್ಯ ಲಾಡಿಸ್ಲಾಸ್ ಮೆಡುನಾ 1950ರಲ್ಲಿ ಇಂಗಾಲದ ಡೈಆಕ್ಸೈಡ್ ಚಿಕಿತ್ಸೆಯ ಕುರಿತು ಗ್ರಂಥ ಪ್ರಕಟಿಸಿದರು. ಶೇ. 30 ಇಂಗಾಲದ ಡೈಆಕ್ಸೈಡ್, ಶೇ. 70 ಆಮ್ಲಜನಕ ಇರುವ ಮಿಶ್ರಣವನ್ನು ಎಚ್ಚರ ತಪ್ಪುವವರೆಗೆ ಉಸಿರಾಡಿಸಿ, ಅದನ್ನು ಮತ್ತೆ ಮತ್ತೆ ಮಾಡಿದರೆ ಆತಂಕದಂಥ ತೊಂದರೆಗಳು ಗುಣವಾಗುತ್ತವೆ ಎಂಬುದು ಅವರ ಪ್ರತಿಪಾದನೆ. ಅನೇಕರು ಗುಣವಾದರೆಂದು ವರದಿಗಳು ಬಂದವು. ಚಿಕಿತ್ಸೆ ಕೆಲಕಾಲ ಜನಪ್ರಿಯವೂ ಆಯಿತು. ಮುಂದೆ ಹೋಲಿಕೆಯ ಪರೀಕ್ಷೆಗಳನ್ನು ನಡೆಸಿದಾಗ ಅದರ ವಿಶೇಷ ಗುಣ ನಿಲ್ಲಲಿಲ್ಲ. ಚಿಕಿತ್ಸೆ ಮರೆಗೆ ಸರಿಯಿತು. ಮೆಡುನಾ ಮೋಸಗಾರರಾಗಿರಲಿಲ್ಲ, ಗುಣವಾದೆವೆಂದ ರೋಗಿಗಳೂ ಸುಳ್ಳು ಹೇಳಿರಲಿಲ್ಲ. ಕಾಳಜಿ, ಕಾಲ, ನಿರೀಕ್ಷೆ ಇವು ಮೂರೂ ಸೇರಿ ಮಾಡಿದ ಉಪಕಾರವನ್ನು ಅನಿಲದ ಲೆಕ್ಕಕ್ಕೆ ಬರೆದದ್ದು ತಪ್ಪು.

ಭಯ ಹುಟ್ಟಿಸುವ ಅನಿಲ

ಇಂಗಾಲದ ಡೈಆಕ್ಸೈಡ್ ಮದ್ದಾಗದಿದ್ದರೂ ಆತಂಕದ ಬಗ್ಗೆ ಬಹಳಷ್ಟನ್ನು ಕಲಿಸಿದೆ. ಶೇ. 35ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದೇ ಒಂದು ಬಾರಿ ಒಳಗೆಳೆದುಕೊಂಡರೂ, ಪ್ಯಾನಿಕ್ ಕಾಯಿಲೆ ಅಥವಾ ಗಾಬರಿಯ ಕಾಯಿಲೆ ಇರುವ ಅನೇಕರಲ್ಲಿ ಕ್ಷಣಗಳೊಳಗೆ ತೀವ್ರ ಭಯ ಕಾಣಿಸಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಹೀಗಾಗುವುದು ಕಡಿಮೆ. ದೇಹದಲ್ಲಿ ಉಸಿರುಗಟ್ಟುವಿಕೆಯನ್ನು ಗುರುತಿಸುವ ಎಚ್ಚರಿಕೆಯ ಗಂಟೆಯೊಂದಿದೆ, ಅದು ಸುಳ್ಳು ಸುಳ್ಳಾಗಿ ಬಾರಿಸುವುದೇ ಪ್ಯಾನಿಕ್ ಎಂದು ಅಮೆರಿಕದ ಮನೋವೈದ್ಯ ಡೊನಾಲ್ಡ್ ಕ್ಲೈನ್ 1993ರಲ್ಲಿ ವಾದಿಸಿದರು.

ಮಿದುಳಿನಲ್ಲಿ ಭಯದ ಕೇಂದ್ರವೆಂದು ಹೆಸರಾದ ಭಾಗ ಅಮಿಗ್ಡಲ. ಇಂಗಾಲದ ಡೈಆಕ್ಸೈಡ್ ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಇಲಿಯ ಅಮಿಗ್ಡಲ ಆ ಆಮ್ಲೀಯತೆಯನ್ನು ನೇರವಾಗಿ ಗುರುತಿಸುತ್ತದೆ ಎಂದು 2009ರಲ್ಲಿ ತಿಳಿಯಿತು. ಹಾಗಾದರೆ ಅಮಿಗ್ಡಲವೇ ಇಲ್ಲದವರಿಗೆ ಈ ಅನಿಲದಿಂದ ಭಯವಾಗಬಾರದು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲ ಹಾಳಾಗಿದ್ದ ಮೂವರನ್ನು ಪರೀಕ್ಷಿಸಲಾಯಿತು. ಮೂವರಿಗೂ ಗಾಬರಿ ಉಂಟಾಯಿತು! ಹಾವು, ಜೇಡಗಳಿಗೆ ಹೆದರದವರು ಒಂದು ಉಸಿರಿಗೆ ಹೆದರಿದರು. ಹೊರಗಿನ ಅಪಾಯದ ಭಯಕ್ಕೂ ಒಳಗಿನ ಉಸಿರುಗಟ್ಟುವಿಕೆಯ ಭಯಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ ಎಂಬುದು ಇದರಿಂದ ಸ್ಪಷ್ಟವಾಯಿತು. ಎದೆಯುರಿ, ಉಸಿರುಕಟ್ಟುವಿಕೆ ಎಂದು ಮತ್ತೆ ಮತ್ತೆ ತುರ್ತು ವಿಭಾಗಕ್ಕೆ ಬಂದು, ‘ಹೃದಯ ಸರಿಯಾಗಿದೆ, ಏನೂ ಇಲ್ಲ’ ಎನ್ನಿಸಿಕೊಂಡು ಮರಳುವವರಲ್ಲಿ ಕೆಲವರ ಕಾಯಿಲೆ ಈ ಒಳಗಿನ ದಾರಿಯದು. ಅವರ ಸಂಕಟ ನಟನೆಯಲ್ಲ.

ಅಪರೂಪದ ಜೆನಾನ್

ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ 1898ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದ ಜೆನಾನ್ ಒಂದು ಜಡಾನಿಲ. ಗಾಳಿಯ ಒಂದು ಕೋಟಿ ಅಣುಗಳಲ್ಲಿ ಜೆನಾನಿನದು ಒಂದೂ ಪೂರ್ತಿ ಇರುವುದಿಲ್ಲ. ಯಾವುದರೊಡನೆಯೂ ಸುಲಭವಾಗಿ ಕೂಡದ ಈ ಅನಿಲವು ಮಿದುಳಿನ ಮೇಲೆ ಪರಿಣಾಮ ಬೀರುತ್ತದೆ ಎಂಬುದೇ ಅಚ್ಚರಿ. 1951ರಲ್ಲಿಯೇ ಇದನ್ನು ಮನುಷ್ಯರಿಗೆ ಅರಿವಳಿಕೆಯಾಗಿ ಬಳಸಲಾಗಿತ್ತು.

ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಮೆಕ್‌ಲೀನ್ ಆಸ್ಪತ್ರೆಯ ಸಂಶೋಧಕರು 2014ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಹಳೆಯ ಭಯದ ನೆನಪನ್ನು ಮತ್ತೆ ಕೆದಕಿದಾಗ ಅದು ಕೆಲಹೊತ್ತು ಮೆತ್ತಗಾಗಿ, ಪುನಃ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಶೇ. 25 ಜೆನಾನ್ ಕೊಟ್ಟರೆ ನೆನಪು ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ಇಲಿಗಳ ಭಯದ ವರ್ತನೆ ತಗ್ಗುತ್ತದೆ. ಆಘಾತದ ನಂತರದ ಮನೋವ್ಯಾಧಿಗೆ ಇದು ದಾರಿಯಾಗಬಹುದೇ ಎಂಬ ಆಸೆ ಅಲ್ಲಿಂದ ಹುಟ್ಟಿತು. 2017ರಲ್ಲಿ ರಷ್ಯದಿಂದ ಬಂದ ವರದಿಯಲ್ಲಿ, ಪ್ಯಾನಿಕ್ ಕಾಯಿಲೆಯ 81 ಮಂದಿಗೆ ಜೆನಾನ್-ಆಮ್ಲಜನಕ ಮಿಶ್ರಣವನ್ನು ಕೆಲವು ಬಾರಿ ಕೊಟ್ಟಾಗ ಆತಂಕ ಇಳಿಯಿತೆಂದು ಹೇಳಲಾಗಿದೆ. ಆದರೆ ಅಲ್ಲಿ ಹೋಲಿಕೆಗೆ ಹುಸಿಮದ್ದಿನ ಗುಂಪಿರಲಿಲ್ಲ. ಮೆಡುನಾ ಅವರ ಕಥೆಯನ್ನು ಇಲ್ಲಿ ನೆನೆಯಬೇಕು. ದ್ರವೀಕರಿಸಿದ ಗಾಳಿಯಿಂದ ಬೇರ್ಪಡಿಸಬೇಕಾದ ಜೆನಾನಿನ ಬೆಲೆಯೂ ಬಹಳ ಹೆಚ್ಚು.

ದೇಹ ತಾನೇ ತಯಾರಿಸುವ ಅನಿಲಗಳು

ಹೊರಗಿನಿಂದ ಕೊಡುವ ಅನಿಲಗಳಷ್ಟೇ ಅಲ್ಲ, ದೇಹ ತನ್ನೊಳಗೆ ತಯಾರಿಸುವ ಮೂರು ಅನಿಲಗಳೂ ಸಂಶೋಧಕರ ಗಮನ ಸೆಳೆದಿವೆ. ವಿಶೇಷವೆಂದರೆ ಈ ಮೂರನ್ನೂ ನಾವು ಮೊದಲು ತಿಳಿದದ್ದು ವಿಷಗಳೆಂದು.

ನೈಟ್ರಿಕ್ ಆಕ್ಸೈಡ್ ಮೊದಲನೆಯದು. ಹೆಸರು ಹತ್ತಿರವಿದ್ದರೂ ನಗೆ ಅನಿಲವೇ ಬೇರೆ, ಇದೇ ಬೇರೆ. ರಕ್ತನಾಳಗಳನ್ನು ಸಡಿಲಿಸುವ ಸಂದೇಶವಾಹಕವಾಗಿ ಇದರ ಪಾತ್ರವನ್ನು ತೋರಿಸಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾಡ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ದೊರೆಯಿತು. ಮಿದುಳಿನಲ್ಲಿಯೂ ಇದು ನರಕೋಶಗಳ ನಡುವೆ ಸಂದೇಶ ಒಯ್ಯುತ್ತದೆ. ಇಲಿಗಳಲ್ಲಿ ಇದರ ಉತ್ಪಾದನೆಯನ್ನು ತಡೆದರೆ ಖಿನ್ನತೆಯನ್ನು ಹೋಲುವ ವರ್ತನೆ ಕಡಿಮೆಯಾಗುವುದನ್ನು ಹಲವರು ತೋರಿಸಿದ್ದಾರೆ. ಅಂದರೆ ಇಲ್ಲಿ ಮದ್ದಾಗುವುದು ಅನಿಲವಲ್ಲ, ಅದರ ತಡೆ. ಆದರೆ ರಕ್ತದೊತ್ತಡದಿಂದ ನೆನಪಿನವರೆಗೆ ಹತ್ತಾರು ಕೆಲಸ ಮಾಡುವ ಅಣುವನ್ನು ತಡೆಯುವುದು ಸುಲಭವೂ ಅಲ್ಲ, ನಿರಪಾಯವೂ ಅಲ್ಲ.

ಎರಡನೆಯದು ಇಂಗಾಲದ ಮಾನಾಕ್ಸೈಡ್. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಸದ್ದಿಲ್ಲದೆ ಪ್ರಾಣ ತೆಗೆಯುವ ಅನಿಲವಿದು. ಅದೇ ಅನಿಲ ಅತ್ಯಲ್ಪ ಪ್ರಮಾಣದಲ್ಲಿ ಮಿದುಳಿನಲ್ಲಿಯೇ ಉತ್ಪತ್ತಿಯಾಗಿ ಸಂದೇಶವಾಹಕವಾಗಿರಬಹುದೆಂದು 1993ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಸಾಲೊಮನ್ ಸ್ನೈಡರ್ ತಂಡ ಸೂಚಿಸಿತು. ಮೂರನೆಯದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್. ಇದೂ ಮಿದುಳಿನಲ್ಲಿ ತಯಾರಾಗಿ ಎನ್‌ಎಂಡಿಎ ಗ್ರಾಹಕದ ಕೆಲಸವನ್ನು ಹೆಚ್ಚಿಸುತ್ತದೆ ಎಂದು 1996ರಲ್ಲಿ ಜಪಾನಿನ ಅಬೆ ಮತ್ತು ಕಿಮುರಾ ತೋರಿಸಿದರು. ಇದನ್ನು ಬಿಡುಗಡೆ ಮಾಡುವ ಲವಣಗಳನ್ನು ಕೊಟ್ಟಾಗ ಇಲಿಗಳಲ್ಲಿ ಖಿನ್ನತೆ, ಆತಂಕಗಳ ಲಕ್ಷಣ ತಗ್ಗಿದ್ದು ವರದಿಯಾಗಿದೆ. ಇವು ಪ್ರಯೋಗಶಾಲೆಯ ಮಾತುಗಳು. ರೋಗಿಯ ಹಾಸಿಗೆಯವರೆಗೆ ಬಂದಿಲ್ಲ.

ಜಲಜನಕದ ಕಥೆಯನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಈಗಾಗಲೇ ಅಂಗಡಿಗೆ ಬಂದಿದೆ. ಜಲಜನಕ ಅನಿಲವು ಜೀವಕೋಶಗಳಿಗೆ ಹಾನಿ ಮಾಡುವ ಹೈಡ್ರಾಕ್ಸಿಲ್ ಎಂಬ ಉಗ್ರ ಅಣುತುಣುಕುಗಳನ್ನು ಆಯ್ದು ನಿವಾರಿಸುತ್ತದೆ ಎಂದು 2007ರಲ್ಲಿ ಜಪಾನಿನ ನಿಪ್ಪಾನ್ ವೈದ್ಯಕೀಯ ವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ಅದಾದ ಮೇಲೆ ಒತ್ತಡಕ್ಕೊಳಗಾದ ಇಲಿಗಳಲ್ಲಿ ಜಲಜನಕ ಉಪಕಾರ ಮಾಡಿದ ವರದಿಗಳು ಬಂದವು. 2017ರಲ್ಲಿ 26 ಮಂದಿ ಸ್ವಯಂಸೇವಕರಿಗೆ ನಾಲ್ಕು ವಾರ ಜಲಜನಕ ಬೆರೆಸಿದ ನೀರು ಕುಡಿಸಿದ ಅಧ್ಯಯನವೊಂದರಲ್ಲಿ ಮನಸ್ಸಿನ ಸ್ಥಿತಿ ಸುಧಾರಿಸಿದ್ದು ಕಂಡಿತು. ಆದರೆ ಅವರು ಖಿನ್ನತೆಯ ರೋಗಿಗಳಾಗಿರಲಿಲ್ಲ. ಇಷ್ಟರ ಆಧಾರದ ಮೇಲೆ ದುಬಾರಿ ಯಂತ್ರ ಕೊಂಡು, ನುಂಗುತ್ತಿರುವ ಮಾತ್ರೆ ಬಿಡುವುದು ಅವಿವೇಕ.

ನಗೆ ಅನಿಲ ಮತ್ತು ಬಿ12: ನಮಗೆ ಸಂಬಂಧಿಸಿದ ಎಚ್ಚರಿಕೆ

ಮೇಲೆ ಹೇಳಿದ ಅನಿಲಗಳ ಪೈಕಿ ಚಿಕಿತ್ಸೆಗೆ ಅತಿ ಸಮೀಪವಿರುವುದು ನಗೆ ಅನಿಲ. ಬೀದಿಯಲ್ಲಿ ಸುಲಭವಾಗಿ ಸಿಗುವುದೂ ಅದೇ. ಆದ್ದರಿಂದ ಅದರ ಮುಖ್ಯ ಅಪಾಯವನ್ನು ಪ್ರತಿ ಕನ್ನಡ ಕುಟುಂಬವೂ ತಿಳಿದಿರಬೇಕೆಂದು ನನ್ನ ಅಭಿಪ್ರಾಯ.

ಬಿ12 ಜೀವಸತ್ವದ ನಡುವೆ ಕೋಬಾಲ್ಟ್ ಧಾತುವಿನ ಒಂದು ಪರಮಾಣುವಿದೆ. ನೈಟ್ರಸ್ ಆಕ್ಸೈಡ್ ಆ ಕೋಬಾಲ್ಟನ್ನು ಉತ್ಕರ್ಷಿಸಿ, ಜೀವಸತ್ವವನ್ನು ಮರಳಿ ಸರಿಪಡಿಸಲಾಗದಂತೆ ನಿಷ್ಕ್ರಿಯಗೊಳಿಸುತ್ತದೆ. ಬಿ12 ಇಲ್ಲದೆ ನರಗಳ ಹೊದಿಕೆಯ ಪೋಷಣೆ ನಿಲ್ಲುತ್ತದೆ, ಬೆನ್ನುಹುರಿ ಸೊರಗುತ್ತದೆ. ಪಾದಗಳಲ್ಲಿ ಜುಮುಜುಮು, ಮರಗಟ್ಟುವಿಕೆ, ಕತ್ತಲಲ್ಲಿ ನಡೆಯುವಾಗ ತೂರಾಟ, ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ವಿದ್ಯುತ್ ಹರಿದಂತಾಗುವುದು ಇವು ಅದರ ಲಕ್ಷಣಗಳು. 1978ರಲ್ಲಿ ಅಮೆರಿಕದ ನರತಜ್ಞ ರಾಬರ್ಟ್ ಲೇಜರ್ ಇಂಥ 15 ರೋಗಿಗಳನ್ನು ವರ್ಣಿಸಿದರು. ಅವರಲ್ಲಿ 14 ಮಂದಿ ದಂತವೈದ್ಯರು. ತಮ್ಮ ಕೈಗೆಟುಕುವ ಅನಿಲಕ್ಕೆ ಅವರೇ ಬಲಿಯಾಗಿದ್ದರು.

ಬಿ12 ಸಂಗ್ರಹ ತುಂಬಿರುವವರು ಆಸ್ಪತ್ರೆಯಲ್ಲಿ ಒಮ್ಮೆ, ಒಂದು ಗಂಟೆ ಈ ಅನಿಲ ಸೇವಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸಂಗ್ರಹ ಮೊದಲೇ ಬರಿದಾಗಿರುವವರ ಸ್ಥಿತಿ ಬೇರೆ. ಮಾಂಸ, ಮೀನು, ಮೊಟ್ಟೆಗಳಲ್ಲಿ ಹೇರಳವಾಗಿಯೂ ಹಾಲು ಮೊಸರುಗಳಲ್ಲಿ ಸ್ವಲ್ಪ ಮಟ್ಟಿಗೂ ಇರುವ ಈ ಜೀವಸತ್ವ ಸೊಪ್ಪು, ತರಕಾರಿ, ಬೇಳೆಕಾಳುಗಳಲ್ಲಿ ಇಲ್ಲ. ಭಾರತೀಯ ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿಯೂ, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಗಳನ್ನು ದೀರ್ಘಕಾಲ ಸೇವಿಸುವವರಲ್ಲಿಯೂ ಕೊರತೆಯ ಸಂಭವ ಹೆಚ್ಚು. ನಮ್ಮ ಮನೆಗಳ ಹಿರಿಯರಲ್ಲಿ ಈ ಮೂರೂ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಇಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ಬಿ12 ಕೊರತೆಯೇ ಉತ್ಸಾಹಹೀನತೆ, ಸುಸ್ತು, ಮರೆವುಗಳ ರೂಪದಲ್ಲಿ ಕಾಣಿಸಿಕೊಂಡು ಖಿನ್ನತೆಯಂತೆ ತೋರಬಹುದು. ಹೊಸ ಅನಿಲದ ಸುದ್ದಿ ಓದಿ ಉತ್ಸುಕರಾಗುವ ಮೊದಲು, ಖಿನ್ನತೆಯ ಲಕ್ಷಣವಿರುವ ಸಸ್ಯಾಹಾರಿಗಳು ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಹೆಚ್ಚು ಪ್ರಯೋಜನಕರ.

ಇನ್ನು ಯುವಜನರ ವಿಷಯ. ಕೆನೆ ನೊರೆಸುವ ಸಣ್ಣ ಉಕ್ಕಿನ ಸಿಲಿಂಡರುಗಳಿಂದ ಬಲೂನಿಗೆ ತುಂಬಿ ಈ ಅನಿಲವನ್ನು ಸೇವಿಸುವ ರೂಢಿ ಬ್ರಿಟನ್ನಿನಲ್ಲಿ ಹರಡಿತು. ಆಮೇಲೆ ದೊಡ್ಡ ಸಿಲಿಂಡರುಗಳೂ ಬಂದವು. ನಡೆಯಲಾಗದೆ ಆಸ್ಪತ್ರೆ ಸೇರಿದವರ ಪೈಕಿ ಏಷ್ಯಾ ಮೂಲದ ಯುವಜನರ ಪ್ರಮಾಣ ಎದ್ದು ಕಂಡಿದೆ. 2023ರ ನವೆಂಬರ್ 8ರಿಂದ ಅಮಲಿಗಾಗಿ ಇದನ್ನು ಇಟ್ಟುಕೊಳ್ಳುವುದೂ ಇಲ್ಲಿ ಅಪರಾಧ. ಬಲೂನಿನ ಅನಿಲಕ್ಕೂ ಆಸ್ಪತ್ರೆಯ ಮಿಶ್ರಣಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ: ಬಲೂನಿನಲ್ಲಿ ಆಮ್ಲಜನಕವಿಲ್ಲ. ‘ಖಿನ್ನತೆಗೆ ಒಳ್ಳೆಯದಂತೆ’ ಎಂಬ ಅರೆಬೆಂದ ಸುದ್ದಿಯನ್ನು ನಂಬಿ ಮಕ್ಕಳು ತಾವೇ ಚಿಕಿತ್ಸೆ ಮಾಡಿಕೊಳ್ಳಲು ಹೊರಟರೆ ಅನಾಹುತ ಖಂಡಿತ. ಕಾಲಿನ ಜುಮುಜುಮು ಹೇಳಿಕೊಂಡು ಬಂದ ಮಗನನ್ನೋ ಮಗಳನ್ನೋ ಗದರಿಸಿ ಬಾಯಿ ಮುಚ್ಚಿಸಬೇಡಿ. ನಿಜ ಹೇಳಿದರೆ ವೈದ್ಯರು ಬೇಗ ಚುಚ್ಚುಮದ್ದು ಆರಂಭಿಸಬಹುದು. ರಕ್ತದಲ್ಲಿ ಬಿ12ರ ಮಟ್ಟ ಸರಿಯಾಗಿಯೇ ಕಂಡರೂ ಅದು ನಿಷ್ಕ್ರಿಯವಾಗಿರಬಹುದಾದ್ದರಿಂದ, ಸೇವನೆಯ ವಿಷಯ ಮರೆಮಾಚಿದರೆ ರೋಗನಿದಾನ ತಪ್ಪುತ್ತದೆ. ತಡವಾದಷ್ಟೂ ನರಗಳು ಚೇತರಿಸಿಕೊಳ್ಳುವುದು ಕಷ್ಟ.

ಕಾಯುವವರಿಗೆ

ಒಟ್ಟಾರೆ ಹೇಳುವುದಾದರೆ, ಖಿನ್ನತೆ ಗಂಟೆಗಳಲ್ಲಿ ಸಡಿಲಗೊಳ್ಳಬಲ್ಲದು ಎಂಬುದಕ್ಕೆ ಅನಿಲಗಳು ಇನ್ನೊಂದು ಆಧಾರ ಒದಗಿಸಿವೆ. ಇದು ಸಣ್ಣ ಮಾತಲ್ಲ. ‘ನಾನು ಇರುವುದೇ ಹೀಗೆ, ಇದು ಬದಲಾಗದು’ ಎಂಬ ರೋಗಿಯ ನಂಬಿಕೆ ಕಾಯಿಲೆಯ ಲಕ್ಷಣವೇ ಹೊರತು ಸತ್ಯವಲ್ಲ ಎಂಬುದಕ್ಕೆ ಇದು ಜೀವರಾಸಾಯನಿಕ ಸಾಕ್ಷಿ. ಆದರೆ ಸಡಿಲಗೊಳಿಸುವುದು ಬೇರೆ, ಗುಣಪಡಿಸಿ ಉಳಿಸುವುದು ಬೇರೆ. ಎರಡನೆಯದಕ್ಕೆ ಈಗಲೂ ನಂಬಬಹುದಾದದ್ದು ಪರೀಕ್ಷಿತ ಔಷಧಗಳು, ಮಾತಿನ ಚಿಕಿತ್ಸೆ, ತೀವ್ರ ಸ್ಥಿತಿಯಲ್ಲಿ ವಿದ್ಯುತ್ ಕಂಪನ ಚಿಕಿತ್ಸೆ, ಇವುಗಳೊಡನೆ ಮನೆಯವರ ಒತ್ತಾಸೆ.

ಇವೂ ಎಲ್ಲರಿಗೆ ತಲುಪುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸಾಮಾನ್ಯ ಮನೋವ್ಯಾಧಿಗಳಿರುವ ಭಾರತೀಯರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ. ಪರದೇಶದಲ್ಲಿರುವ ನಮ್ಮವರಲ್ಲಿ ಚಿಕಿತ್ಸೆ ಹತ್ತಿರವೇ ಇದ್ದರೂ, ‘ಜನ ಏನೆಂದಾರು’ ಎಂಬ ಅಳುಕು ಅನೇಕರನ್ನು ತಡೆಯುತ್ತದೆ. ಊರಿನಲ್ಲಿರುವವರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬ್ರಿಟನ್ನಿನಲ್ಲಿರುವವರಿಗೆ ತಮ್ಮ ಕುಟುಂಬ ವೈದ್ಯರಲ್ಲದೆ, ಹಗಲಿರುಳೂ ತೆರೆದಿರುವ ಸಮ್ಯಾರಿಟನ್ಸ್ ಸಂಸ್ಥೆಯ 116 123 ಸಂಖ್ಯೆ ಇದೆ. ಪ್ರಾಣಾಪಾಯವಿದ್ದರೆ 999.

ಅನಿಲಗಳ ಸಂಶೋಧನೆ ನಡೆಯಲಿ. ದೊಡ್ಡ ಪ್ರಯೋಗಗಳ ಫಲಿತಾಂಶ ಬರಲಿ. ಅಲ್ಲಿಯವರೆಗೆ, ಎದೆ ಭಾರವಾಗಿದೆ ಎನ್ನುವವರ ಪಕ್ಕದಲ್ಲಿ ಕುಳಿತು ಅವರ ಮಾತು ಕೇಳಿ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ನಮ್ಮಲ್ಲಿ ಪ್ರತಿಯೊಬ್ಬರಿಗೂ ಸಾಧ್ಯವಿರುವ ಕೆಲಸ.